ಗಂಟಲಲ್ಲಿ ಕೂತದ್ದು

ಪಾಠ ಮಾಡುವವರಿಗೆ ಗಂಟಲೇ ಬಂಡವಾಳ. ನನ್ನದು ಮಳೆಗಾಲದಲ್ಲೂ ಕೈಕೊಡುತ್ತಿತ್ತು, ಬೇಸಗೆಯಲ್ಲೂ ಕೈಕೊಡುತ್ತಿತ್ತು. ಮೊದಲು ಕಿವಿಯ ಬುಡದಲ್ಲಿ ಸಣ್ಣ ನೋವು, ಮರುದಿನ ಎಂಜಲು ನುಂಗಲಿಕ್ಕೂ ಆಗದು, ಆಮೇಲೆ ಜ್ವರ. ನಾನು ಕಲಿಸುವುದು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ, ಸಮಾಜ ವಿಜ್ಞಾನ. ಒಂದು ದಿನ ದನಿಯೇ ಹೊರಡದೆ ಇಡೀ ಪಿರಿಯಡನ್ನು ಬೋರ್ಡಿನ ಮೇಲೆ ಬರೆದೇ ಮುಗಿಸಿದೆ. ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್, "ಮಕ್ಕಳಿಗೆ ಭಾರೀ ಖುಷಿ ಮಾರಾಯ್ತಿ. ಟೀಚರಿಗೆ ದಿನಾ ಹೀಗೆ ಆಗ್ತದಾ ಅಂತ ಕೇಳ್ತಿದ್ದಾರೆ" ಎಂದರು. ನಗಲು ಹೋದೆ. ನೋವಿಗೆ ಕಣ್ಣಲ್ಲಿ ನೀರು ಬಂತು.

ಬಂಟ್ವಾಳದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ಟಾರ್ಚು ಬಿಟ್ಟು ನೋಡಿ, ಟಾನ್ಸಿಲ್ ತೆಗೆಸುವ ಬಗ್ಗೆ ಯೋಚಿಸಬಹುದು ಎಂದರು. ದೊಡ್ಡವರಾದ ಮೇಲೆ ತೆಗೆಸಿದರೆ ನೋವು ಜಾಸ್ತಿ, ಆಮೇಲೆ ರಕ್ತ ಬರುವ ಸಂಭವವೂ ಉಂಟು, ಅವಸರ ಮಾಡಬೇಡಿ, ಮನೆಯಲ್ಲಿ ಕೇಳಿ ಎಂದೂ ಹೇಳಿದರು.

ಮನೆಯೆಂದರೆ ಅಮ್ಮ. ವೇಣೂರಿನ ಹತ್ತಿರ ನಾವಿಬ್ಬರೇ ಇರುವುದು. ವಿಷಯ ಹೇಳಿದ ಕೂಡಲೇ ಅಮ್ಮ, "ಕೊಯ್ಯುವುದೆಲ್ಲ ಬೇಡ" ಎಂದಳು.

ಮೊದಲ ವಾರ ಅವಳ ಕಾರಣ, ದನಿ ಹೋಗುತ್ತದೆ ಎಂಬುದು. ಅದರ ಹೆದರಿಕೆ ನನ್ನಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ದನಿ ಹೋದರೆ ಕೆಲಸ ಹೋಯಿತು. ಎರಡನೆಯ ವಾರ, "ದೇವರು ಇಟ್ಟದ್ದನ್ನು ಸುಮ್ಮನೆ ಇಟ್ಟಿದ್ದಾನಾ?" ಮತ್ತೊಂದು ವಾರ, "ಕಾಳುಮೆಣಸಿನ ಕಷಾಯ ಸರಿಯಾಗಿ ಕುಡಿದಿದ್ದೀಯಾ ನೀನು? ಅರ್ಧ ತೆಂಗಿನ ಬುಡಕ್ಕೆ ಚೆಲ್ಲಿದ್ದು ನಾನು ನೋಡಿಲ್ವಾ?" ಕಾರಣ ಬದಲಾಗುತ್ತಿತ್ತು, ಬೇಡ ಎಂಬುದು ಮಾತ್ರ ಬದಲಾಗಲಿಲ್ಲ.

ಅಮ್ಮ ಈಗಲೂ ಬೀಡಿ ಕಟ್ಟುತ್ತಾಳೆ. ಸಾಕು ಎಂದರೆ, ಕೈ ಸುಮ್ಮನೆ ಕೂರುವುದಿಲ್ಲ ಎನ್ನುತ್ತಾಳೆ. ಆ ದಿನಗಳಲ್ಲಿ ಒಂದು ಭಾನುವಾರ ನೋಡುತ್ತೇನೆ, ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಎಲ್ಲ ಇರುವ ಮೊರವನ್ನು ಎತ್ತಿಕೊಂಡು ಹಿತ್ತಿಲಿನ ಬಚ್ಚಲ ಗೋಡೆಯ ಬದಿಗೆ ಹೋಗಿ ಕೂತಿದ್ದಾಳೆ. ಬೆನ್ನಿಗೆ ಬಿಸಿಲು ಬೀಳುತ್ತಿತ್ತು.

"ಎಂತ ಅಮ್ಮ, ಒಳಗೆ ಫ್ಯಾನಿಲ್ವಾ?"

"ಫ್ಯಾನಿಗೆ ಪುಡಿ ಹಾರ್ತದೆ. ನಿನಗೆ ಆಗುವುದಿಲ್ಲ."

"ಇಷ್ಟು ವರ್ಷ ಆಗ್ತಿತ್ತಲ್ಲ?"

ಅಮ್ಮ ಕಟ್ಟುತ್ತಿದ್ದ ಬೀಡಿಯ ತುದಿ ಮಡಚಿ, ನೂಲು ಸುತ್ತಿ, ಅದನ್ನು ಇಟ್ಟ ಮೇಲೆಯೇ ಬಾಯಿ ಬಿಟ್ಟಳು. "ನೀನು ಸಣ್ಣದಿರುವಾಗ ನಿನ್ನನ್ನು ಈ ಮೊರದ ಪಕ್ಕದಲ್ಲೇ ಮಲಗಿಸ್ತಿದ್ದೆ. ಬೇರೆ ಎಲ್ಲಿ ಮಲಗಿಸುವುದು? ಆ ಪುಡಿಯೆಲ್ಲ ನಿನ್ನ ಗಂಟಲಲ್ಲಿ ಹೋಗಿ ಕೂತಿದೆ. ಡಾಕ್ಟ್ರು ಕೊಯ್ದರೆ ಕಪ್ಪಗೆ ಕಾಣ್ತದೆ. ಯಾರಿಂದ ಆದದ್ದು ಅಂತ ಆಗ ನಿನಗೂ ಗೊತ್ತಾಗ್ತದೆ."

"ಗಂಟಲು ಎಂತ ಒಲೆ ಮೇಲಿನ ಅಟ್ಟವಾ, ಮಸಿ ಕೂರಲಿಕ್ಕೆ?"

"ನಿನ್ನ ಪುಸ್ತಕದ ಮಾತು ಬೇಡ. ನನ್ನ ಕೆಮ್ಮು ನಿನಗೆ ಕೇಳುವುದಿಲ್ವಾ?"



ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲಿಕ್ಕೆ ನಾಚಿಕೆ ಇಲ್ಲ. ಹೊರಗಿನವರು ಯಾರೂ ಎತ್ತಿ ಕೊಟ್ಟದ್ದಲ್ಲ ಅದು. ಉಜಿರೆಯಲ್ಲಿ ಓದುವಾಗ ಹಾಸ್ಟೆಲಿಗೆ ಕಟ್ಟಿದ್ದೂ ಬೀಡಿಯ ಸಂಪಾದನೆಯೇ, ಬಿ.ಎಡ್. ಮಾಡಿದ್ದೂ ಅದರಿಂದಲೇ. ಶಾಲೆಯ ಕಾರ್ಯಕ್ರಮಗಳಲ್ಲಿ ಮೈಕ್ ಸಿಕ್ಕಿದಾಗ ನಾನು ತಲೆಯೆತ್ತಿ ಹೇಳುತ್ತೇನೆ, ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು ಎಂದು. ಜನ ಚಪ್ಪಾಳೆ ತಟ್ಟುತ್ತಾರೆ. ಅದೇ ಬೀಡಿ ಅಮ್ಮನ ತಲೆಯಲ್ಲಿ ಇನ್ನೊಂದು ಕಥೆಯಾಗಿ ಕೂತಿತ್ತು. ನನಗೆ ಕೊಟ್ಟದ್ದು ಅವಳಿಗೆ ಕಾಣುತ್ತಿರಲಿಲ್ಲ, ನನ್ನಿಂದ ಕಿತ್ತುಕೊಂಡದ್ದೇ ಕಾಣುತ್ತಿತ್ತು.

ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಡಾಕ್ಟರ ಎದುರು ನಾನು ಕನ್ನಡದಲ್ಲಿ ಶುರು ಮಾಡುವ ಮೊದಲೇ ಕೆಮ್ಮುತ್ತಲೇ ತುಳುವಿನಲ್ಲಿ ಅವಳೇ ಕೇಳಿಬಿಟ್ಟಳು: ಇದು ಬೀಡಿಯ ಪುಡಿಯಿಂದ ಆದದ್ದಾ?

ಡಾಕ್ಟರು ನಗಲಿಲ್ಲ. "ಆ ಪುಡಿ ಒಳ್ಳೆಯದಲ್ಲ ಅಮ್ಮ, ನಿಮಗೂ ಒಳ್ಳೆಯದಲ್ಲ. ಆ ಕೆಮ್ಮನ್ನು ಒಮ್ಮೆ ತೋರಿಸಿ. ಆದರೆ ಇವರ ಗಂಟಲಿಗೆ ಇದೇ ಕಾರಣ ಅಂತ ಹೇಳಲಿಕ್ಕಾಗುವುದಿಲ್ಲ. ಬೀಡಿ ಕಂಡೇ ಇಲ್ಲದ ಮನೆಯ ಮಕ್ಕಳೂ ಇದೇ ನೋವಿಗೆ ನನ್ನಲ್ಲಿಗೆ ಬರ್ತಾರೆ." ದನಿಯ ಬಗ್ಗೆ ನಾನು ಕೇಳಿದ್ದಕ್ಕೆ, ಹೋಗುವುದಿಲ್ಲ, ಕೆಲವರಿಗೆ ಚೂರು ಬದಲಾದ ಹಾಗೆ ಅನಿಸಬಹುದು ಎಂದರು.

ಹೊರಗೆ ಬಂದ ಮೇಲೆ ಅಮ್ಮ, "ನಿನ್ನ ಮುಖ ನೋಡಿ ಹಾಗೆ ಹೇಳಿದ್ದು ಅವರು" ಎಂದಳು. ಸ್ವಲ್ಪ ದೂರ ನಡೆದು, "ಮಾಡಿಸುವ. ಕಂಡದ್ದು ಕಾಣಲಿ" ಎಂದಳು.

ಏಪ್ರಿಲ್ ರಜೆಯಲ್ಲಿ ಮಾಡಿಸಿದೆವು. ಎಚ್ಚರವಾದಾಗ ಗಂಟಲೊಳಗೆ ಕೆಂಡ ಇಟ್ಟ ಹಾಗಿತ್ತು. ಮಾತಾಡಬಾರದು ಎಂದು ನರ್ಸ್ ಹೇಳಿ ಹೊರಟಳು. ಅಮ್ಮ ಅವಳನ್ನು ಬಾಗಿಲಲ್ಲಿ ತಡೆದಳು.

"ತೆಗೆದದ್ದನ್ನು ಬಿಸಾಡಿದ್ರಾ?"

"ಇಲ್ಲ ಅಮ್ಮ, ಟೆಸ್ಟಿಗೆ ಕಳಿಸಲಿಕ್ಕೆ ಇಟ್ಟಿದ್ದೇವೆ. ನಿಮಗೆ ಎಂತಕ್ಕೆ?"

"ನೋಡ್ಬೇಕು."

"ನೋಡಿ ಆಮೇಲೆ ತಲೆ ತಿರುಗ್ತದೆ ನಿಮಗೆ."

"ನಾನು ಎಷ್ಟು ಕೋಳಿ ಕೊಯ್ದಿದ್ದೇನೆ ಗೊತ್ತುಂಟಾ? ತಾ."

ನರ್ಸ್ ಡಾಕ್ಟರನ್ನು ಕೇಳಿಕೊಂಡು ಬಂದು ಒಂದು ಸಣ್ಣ ಬಾಟಲಿ ಕೊಟ್ಟಳು. ಒಳಗೆ, ಮದ್ದಿನ ನೀರಿನಲ್ಲಿ, ಬಿಳಿಚಿಕೊಂಡ ಎರಡು ಗಡ್ಡೆ. ಅಮ್ಮ ಅದನ್ನು ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದು ತಿರುಗಿಸಿದಳು. ಅಡಿಯಿಂದ ನೋಡಿದಳು. ಮತ್ತೆ ತಿರುಗಿಸಿದಳು.

"ಇಷ್ಟೇಯಾ? ಒಳಗೆ ಎಂತದೂ ಬಾಕಿ ಇಲ್ಲವಲ್ಲ?"

"ಇಷ್ಟೇ ಅಮ್ಮ."

ಅಮ್ಮ ಬಾಟಲಿಯನ್ನು ನನ್ನ ಮುಖದ ಹತ್ತಿರ ತಂದಳು. "ನೋಡು. ಕಪ್ಪಿಲ್ಲ."

ಅಷ್ಟು ದಿನದಿಂದ ಅವಳಿಗೆ ಹೇಳಬೇಕೆಂದು ನಾನು ಜೋಡಿಸಿಟ್ಟ ಮಾತು ಬಹಳ ಇತ್ತು. ಹೇಳಲಿಕ್ಕಾಗದೆ ಇದ್ದದ್ದೇ ಒಳ್ಳೆಯದಾಯಿತು. ಬಾಯಿ ಬಿಟ್ಟಿದ್ದರೆ ಮತ್ತೆ ಪಾಠವೇ ಮಾಡುತ್ತಿದ್ದೆ. ತಲೆಯಾಡಿಸಿದೆ, ಅಷ್ಟೆ. ಅಮ್ಮ ಇನ್ನೊಮ್ಮೆ ಕಿಟಕಿಯ ಬಳಿಗೆ ಹೋದಳು. ನರ್ಸ್ ಕೈಚಾಚಿಕೊಂಡು ನಿಂತೇ ಇದ್ದಳು. ಅಮ್ಮ ಬಾಟಲಿಯನ್ನು ಕೂಡಲೇ ಕೊಡಲಿಲ್ಲ.