ಮಾಸ್ತರ ತೋಳಿನ ಬಿಲ್ಲೆ

ಸಿದ್ದಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ವಿಜ್ಞಾನ ಮಾಸ್ತರೊಬ್ಬರಿದ್ದರು. ರಕ್ತದ ಸಕ್ಕರೆ ಅಳೆಯುವ ಬಿಲ್ಲೆಯೊಂದನ್ನು ತೋಳಿಗೆ ಅಂಟಿಸಿಕೊಂಡ ದಿನವೇ ಅವರು ತಮ್ಮ ತಲೆಗೆ ರಜೆ ಕೊಟ್ಟುಬಿಟ್ಟರು. ನಮ್ಮ ಮನೆಗೆ ಬಂದಾಗ ಕುಡಿಯಲು ಏನು ಕೊಡಲೆಂದು ವಾಡಿಕೆಯಂತೆ "ಆಸ್ರಿಗೆ ಎಂತ ಬೇಕು?" ಎಂದು ಕೇಳಿದರೆ, ಮೊಬೈಲನ್ನು ತೋಳಿಗೆ ತಾಗಿಸಿ, "ತಡಿ, ಕೇಳಿ ಹೇಳ್ತೆ" ಎನ್ನುತ್ತಿದ್ದರು. ಬಾಯಾರಿಕೆ ಅವರದು, ಅಪ್ಪಣೆ ಬಿಲ್ಲೆಯದು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಬೆನ್ನು ಬಗ್ಗಿಸಿ ನಿಂತೇ ಇರಬೇಕು, ಇವರು ಇನ್ನೂ ಕೇಳುತ್ತಲೇ ಇರುವರು. ಯಾರಾದರೂ ನಕ್ಕರೆ ಪಾಠ ಶುರು: "ಇದ್ರೊಳಗೆ ನ್ಯಾನೋ ಕಣ ಇದ್ದು. ಮೈ ಸುಳ್ಳು ಹೇಳ್ತು, ಇದು ಹೇಳ್ತಿಲ್ಲೆ."

ಒಂದು ಮಧ್ಯಾಹ್ನ ನಾನು ಹೋದಾಗ ಅವರ ಹೆಂಡತಿ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಮೈಯೆಲ್ಲ ಬೆವರು. ಮಾಸ್ತರು ಹೊಸ ಬಿಲ್ಲೆಯೊಂದನ್ನು ಆಕೆಯ ತೋಳಿಗೆ ಒತ್ತಿ, ಅದು ಕೆಲಸ ಶುರುಮಾಡಲೆಂದು ಒಂದು ತಾಸು ಕಾದಿದ್ದರಂತೆ. ನನ್ನನ್ನು ಕಂಡವರೇ ಮೊಬೈಲ್ ತೋರಿಸಿ, "ನಾರ್ಮಲ್ ಇದ್ದು" ಎಂದು ಬೀಗಿದರು.

"ಅದ್ಕೆ ಸಕ್ರೆ ಬಿಟ್ರೆ ಬೇರೆ ಎಂತೂ ಗೊತ್ತಿಲ್ಲೆ ಮಾರಾಯ್ರೇ!" ಎಂದು ಕಿರುಚಿ ನಾನು ಕಾರು ತೆಗೆದೆ.

ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೃದಯಾಘಾತ ಎಂದರು. ಮಾಸ್ತರು ಒಪ್ಪಬೇಕಲ್ಲ! "ಇದರಲ್ಲಿ ನಾರ್ಮಲ್ ಇದೆಯಲ್ಲ?" ಎಂದು ಮೊಬೈಲನ್ನು ಡಾಕ್ಟರ ಮೂಗಿನ ಹತ್ತಿರ ಹಿಡಿದರು.

ಸ್ಟ್ರೆಚರ್ ಮೇಲೆ ಮಲಗಿದ್ದ ಹೆಂಡತಿ ತಮ್ಮ ತೋಳಿನ ಬಿಲ್ಲೆಯನ್ನು ಕಿತ್ತು ಗಂಡನ ಅಂಗೈಯಲ್ಲಿಟ್ಟರು.

"ತಗಳಿ, ನಿಂಗಳ ಹೆಂಡ್ತಿ ಅರಾಮಿದ್ದು. ಮನೆಗೆ ಕರ್ಕಂಡು ಹೋಗಿ."