ಉತ್ತರ ಗೊತ್ತಿದ್ದ ಸೀಸೆಯಣ್ಣ

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸೀಸೆಯಣ್ಣ ಅಳತೆಯ ಗಾಜುಕೊಳವೆಗಳಾದ ಬ್ಯುರೆಟ್‌ಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಿರುಕು ಬಿಟ್ಟದ್ದು ಪಕ್ಕಕ್ಕೆ, ಸರಿಯಿದ್ದದ್ದು ಸ್ಟ್ಯಾಂಡಿಗೆ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಅಟೆಂಡರ್ ಆಗಿರುವ ಅವರಿಗೆ ಈ ಹೆಸರಿಟ್ಟವರು ವಿದ್ಯಾರ್ಥಿಗಳು. ಯಾವ ಸೀಸೆಯಲ್ಲಿ ಏನಿದೆ, ಯಾವ ಪ್ರಯೋಗಕ್ಕೆ ಎಷ್ಟು ಬರಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಪರೀಕ್ಷೆಯ ದಿನ ಕಣ್ಣು ತುಂಬಿಕೊಂಡು ನಿಂತ ಹುಡುಗರ ಹಿಂದೆ ಒಮ್ಮೆ ಕೆಮ್ಮಿ, ಒಂದು ಅಂಕಿ ಗೊಣಗಿ, ಏನೂ ಅರಿಯದವರಂತೆ ಮುಂದೆ ಹೋಗುವುದು ಅವರ ಪರೋಪಕಾರ.

ಈ ವರ್ಷ ಬಂದ ಹೊಸ ಮೇಡಂ ಆ ವಿದ್ಯೆಗೇ ಕಲ್ಲು ಹಾಕಿದ್ದರು. ಹಿಂದೆ ಸಂಶೋಧನೆಯೆಂದರೆ ಹೆಚ್ಚು ಅಂಕ ಪಡೆದ ಮೂವರು ಸಂಜೆ ಏಳರವರೆಗೆ ಉಳಿದು ಮಾಡುವ ಕೆಲಸ. ಮೇಡಂ ಅದನ್ನು ತರಗತಿಯ ಹೊತ್ತಿಗೇ ತಂದು ಮೂವತ್ತೆಂಟು ಮಂದಿಗೂ ಹಂಚಿದರು. ತಂತಮ್ಮ ಮನೆಯದೋ ಕೆಲಸದ ಜಾಗದ್ದೋ ನಲ್ಲಿ ನೀರು ತರುವುದು, ಅದರ ಗಡಸುತನ, ಅಂದರೆ ಕರಗಿದ ಲವಣ ಎಷ್ಟೆಂದು ಅಳೆಯುವುದು, ಊರಿನ ನಕ್ಷೆಯಲ್ಲಿ ಗುರುತು ಹಾಕುವುದು. ವಿಭಾಗದ ಮುಖ್ಯಸ್ಥರು ಒಲ್ಲದ ಮನಸ್ಸಿನಿಂದ ಒಂದು ಸೆಮಿಸ್ಟರಿಗೆ ಮಾತ್ರ ಒಪ್ಪಿದ್ದರು. ಕೆಟ್ಟರೆ ಮತ್ತೆ ಆ ಮೂವರೇ.

ಹಾಗಾದರೆ ಮೊದಲು ಹೊರಬೀಳುವವಳು ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿ. ಸಂಜೆ ನಾಲ್ಕಕ್ಕೆ ಅವಳು ಅಂಗಡಿಯಲ್ಲಿರಬೇಕು.

ಅಂದು ಅವಳೇ ಮೆಲ್ಲಗೆ ಕರೆದಳು. "ಅಣ್ಣಾ, ಎಷ್ಟು ಬರ್ಬೇಕು? ನಂಗೆ ನಾನೂರ ಹತ್ತು ಬಂತು."

"ನಾನೂರಾ? ಅಷ್ಟು ಯಾವತ್ತೂ ಬಂದಿಲ್ಲಮ್ಮ. ಇನ್ನೂರರ ಆಸುಪಾಸು ಬರ್ಕೋ."

ಹಳೆಯ ಪ್ರಯೋಗಕ್ಕೆ ಅವರೇ ಬೆರೆಸಿಡುತ್ತಿದ್ದ ನೀರಿಗೆ ಸದಾ ಇನ್ನೂರೇ ಬರುತ್ತಿತ್ತು. ಹುಡುಗಿ ಪೆನ್ಸಿಲ್ ಅಂಕಿ ಅಳಿಸಿ ಇನ್ನೂರೈದು ಎಂದು ಬರೆದಳು. ಮಾತು ಕಿವಿಯಿಂದ ಕಿವಿಗೆ ದಾಟಿತು.

ಸೋಮವಾರ ಮೇಡಂ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಕೂತಿದ್ದರು. "ಏನಣ್ಣಾ ಇದು? ಎಲ್ಲರದ್ದೂ ಇನ್ನೂರೇ. ಇಡೀ ಊರು ಒಂದೇ ಕೊಡದಲ್ಲಿ ನೀರು ಹಿಡಿಯುತ್ತಾ?"

ಸೀಸೆಯಣ್ಣ ಮೇಜಿನತ್ತ ಬಾಗಿ ನೋಡಿದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಾಳೆಗಳ ನಡುವೆ ಅಳಿಸಿದ ಗುರುತಿನ ಇನ್ನೂರೈದು ಅವರ ಕಣ್ಣಿಗೆ ಬಿತ್ತು.

"ನಂದೇ ಘನಂದಾರಿ ಕೆಲಸ ಮೇಡಂ. ಪಾಪ ಅಂತ ಹೇಳ್ಬಿಟ್ಟೆ."

ಮೇಡಂ ತಲೆಯ ಮೇಲೆ ಕೈ ಹೊತ್ತರು. ಯಾರು ನಿಜ ಬರೆದರು, ಯಾರು ತಿದ್ದಿದರು ಎಂದು ಈಗ ಹೇಳುವವರಾರು? "ನೀರು ಚೆಲ್ಲಿಬಿಟ್ರಾ?"

"ಇಡಿ ಅಂದಿದ್ರಲ್ಲ. ಜಾಗ ಇಲ್ಲ ಅಂತ ನಿಮ್ಮನ್ನ ಬೈಕೊಂಡೇ ಇಟ್ಟಿದ್ದೀನಿ."

ಸೀಸೆಯಣ್ಣ ಫ್ರಿಜ್ಜಿನ ಬಾಗಿಲು ತೆರೆದರು. ಮೂವತ್ತೆಂಟು ಬಾಟಲಿಗಳೂ ಚೀಟಿ ಅಂಟಿಸಿಕೊಂಡು ನಿಂತಿದ್ದವು. ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಉಸಿರು ಬಿಟ್ಟು, ನಕ್ಕರು. "ಇದರ ಉತ್ತರ ನಂಗೂ ಗೊತ್ತಿಲ್ಲ ಅಣ್ಣಾ. ಗೊತ್ತಿದ್ದಿದ್ರೆ ಈ ಮಕ್ಕಳನ್ನ ಯಾಕೆ ಕೇಳ್ತಿದ್ದೆ?"

ಆ ಬುಧವಾರ ಎಲ್ಲರೂ ಮತ್ತೆ ಅಳೆದರು. ಪಕ್ಕದವರಿಗೆ ಹೊಂದದ ಅಂಕಿಗೆ ಒಂದಂಕವೂ ಕಡಿಮೆಯಾಗುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಸೀಸೆಯಣ್ಣ ತುಟಿ ಬಿಗಿಹಿಡಿದು ದೂರದ ಸಿಂಕಿನ ಬಳಿ ನಿಂತರು. ಒಮ್ಮೆ ನಿಜವಾಗಿಯೇ ಕೆಮ್ಮು ಬಂತು.

"ಅಣ್ಣಾ, ಕೆಮ್ಮೋ ಹಾಗಿದ್ರೆ ಹೊರಗೆ ಹೋಗಿ!" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ. ಇಡೀ ಕೋಣೆ ನಕ್ಕಿತು.

ಲಾಂಡ್ರಿ ಹುಡುಗಿ ಮೂರು ಸಲ ಅಳೆದಳು: ನಾನೂರ ಎಂಟು, ನಾನೂರ ಹನ್ನೆರಡು, ನಾನೂರ ಹತ್ತು. "ಅದಕ್ಕೇ ನಮ್ಮಂಗ್ಡೀಲಿ ನೊರೆ ಬರಲ್ಲ! ನಮ್ಮ ಯಜಮಾನ್ರು ನನ್ನ ಕೈಗೇ ಬೈತಿದ್ರು." ಅದೇ ಬೀದಿಯಿಂದ ನೀರು ತಂದಿದ್ದ ಇನ್ನಿಬ್ಬರಿಗೂ ಮುನ್ನೂರ ಐವತ್ತು ದಾಟಿತ್ತು. ಮೂರೂಮುಕ್ಕಾಲಿಗೆ ಅವಳು ಚೀಲ ಹೆಗಲಿಗೇರಿಸಿ ಓಡಿದಳು. ಅಳೆದ ಹಾಳೆ ಮೇಜಿನ ಮೇಲಿತ್ತು. ಈ ಸಲ ಪೆನ್ನಿನಲ್ಲಿ ಬರೆದಿದ್ದಳು.

ನಕ್ಷೆ ನೋಡಿದ ಮುಖ್ಯಸ್ಥರು ಇನ್ನೊಂದು ಸೆಮಿಸ್ಟರಿಗೆ ಸಹಿ ಹಾಕಿದರು. ಸೀಸೆಯಣ್ಣನ ಎದೆಯ ಮೇಲಿನ ಭಾರ ಆಗ ಇಳಿಯಿತು.

ಮುಂದಿನ ಸೆಮಿಸ್ಟರಿನಲ್ಲಿ ಆ ಬೀದಿಯ ಹನ್ನೊಂದು ನಲ್ಲಿಗಳ ನೀರು ಬರಲಿದೆ. ಫ್ರಿಜ್ಜಿನ ಕೆಳಗಿನ ಎರಡು ಖಾನೆಗಳನ್ನು ಅವರು ಈಗಾಗಲೇ ಖಾಲಿ ಮಾಡಿದ್ದಾರೆ.