ರೇಣುಕಾಳ ಆ ಎರಡು ಫ್ರೀ ಥ್ರೋ

ಸುರೇಬಾನದ ರೇಣುಕಾಳ ಕಣ್ಣಿಗೆ ಚೆಂಡು ಎಸೆದವಳು ನಾನು. ಕೈತಪ್ಪಿ ಅಲ್ಲ. ಹೆಸರು ಹಿಡಿದು ಕೂಗಿ, ಅವಳು ನನ್ನತ್ತ ತಿರುಗುವವರೆಗೆ ಕಾದು, ಹತ್ತಿರದಿಂದ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದೆ. ಅದೇ ದಿನ ಸಂಜೆ ಅವಳ ಕೈಯಿಂದ ತಪ್ಪಿದ ಎರಡು ಫ್ರೀ ಥ್ರೋಗಳ ಬಗ್ಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಚಹಾದಂಗಡಿಗಳಲ್ಲಿ ಇಂದಿಗೂ ವಾದ ಮಾಡುತ್ತೀರಲ್ಲ — ನಿಮಗೇ ಹೇಳುತ್ತಿದ್ದೇನೆ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಇರುವುದಕ್ಕೆ ಸಿಟ್ಟು ಎಂಬ ಮಾತು ಸಾಲದು.

ನಾನು ಮಹಾದೇವಿ. ಊರು ಕಟಕೋಳ. ಈಗ ಕಿತ್ತೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಹತ್ತು ವರ್ಷಕ್ಕೂ ಹಿಂದೆ ನಾಲ್ಕೂರುಗಳ ನಡುವೆ ಹುಡುಗಿಯರ ಬಾಸ್ಕೆಟ್‌ಬಾಲ್ ಲೀಗ್ ನಡೆಯುತ್ತಿದ್ದಾಗ ರಾಮದುರ್ಗ ತಂಡಕ್ಕೆ ನಾನು ಕ್ಯಾಪ್ಟನ್. ಹೆಸರಿಗೆ ಮಾತ್ರ. ಜನ ಬರುತ್ತಿದ್ದುದು ರೇಣುಕಾಳ ಆಟ ನೋಡಲು. ಅವಳ ಅಪ್ಪ ಬಸ್ ಕಂಡಕ್ಟರ್. ಡ್ಯೂಟಿ ಬದಲಿಸಿಕೊಂಡು ಮಗಳ ಪ್ರತಿ ಆಟಕ್ಕೂ ಖಾಕಿ ಅಂಗಿಯಲ್ಲೇ ಬಂದು ನಿಲ್ಲುತ್ತಿದ್ದರು. ಅವಳು ಫ್ರೀ ಥ್ರೋ ಹಾಕಲು ನಿಂತರೆ ಮುಗಿಯಿತು, ಎದುರು ತಂಡದವರು ಆಗಲೇ ಬೆನ್ನು ತಿರುಗಿಸಿ ಓಡಲು ಶುರು ಮಾಡುತ್ತಿದ್ದರು. ಫ್ರೀ ಥ್ರೋ ಎಂದರೆ ಎದುರಾಳಿ ತಪ್ಪು ಮಾಡಿದಾಗ ಗೆರೆಯ ಮೇಲೆ ಒಬ್ಬಳೇ ನಿಂತು, ಯಾರೂ ಅಡ್ಡ ಬರದಂತೆ ರಿಂಗಿಗೆ ಹಾಕುವ ಚೆಂಡು. ಅವಳು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಲೀಗ್ ಮುಗಿದು, ಸೋತವರು ಮನೆಗೆ ಹೋಗುವ ಪ್ಲೇಆಫ್ ಬಂತು. ಬೈಲಹೊಂಗಲದ ಮೈದಾನದಲ್ಲಿ ಕಿತ್ತೂರಿನ ವಿರುದ್ಧ ನಮ್ಮ ಆಟ. ಬೆಳಿಗ್ಗೆ ಅಭ್ಯಾಸಕ್ಕೆ ಇಳಿದಾಗ ನಮ್ಮ ಸರ್ ಎಲ್ಲರನ್ನೂ ಕರೆದು ಹೇಳಿದರು: "ಬೆಳಗಾವಿಯಿಂದ ಆಯ್ಕೆ ಮಾಡವ್ರು ಬರಾಕ ಹತ್ಯಾರ. ರೇಣುಕಾನ ನೋಡಾಕ. ಇವತ್ತ ಸಿಕ್ಕ ಚೆಂಡೆಲ್ಲಾ ಆಕಿ ಕೈಗೆ ಹೋಗಬೇಕು. ಮಾದೇವಿ, ನೀ ಅದನ್ನ ನೋಡ್ಕೊ."

ನೋಡಿಕೊಂಡೆ.

ಅದು ಯೋಚಿಸಿ ಮಾಡಿದ್ದೋ, ಯೋಚಿಸದೆ ಮಾಡಿದ್ದೋ — ಇಷ್ಟು ವರ್ಷ ನನ್ನನ್ನು ನಾನೇ ಹೀಗೆ ಕೇಳಿಕೊಂಡು ಸಮಯ ಕಳೆದೆ. ಹೆಸರು ಕೂಗಿದ್ದು ನೆನಪಿದೆ. ಅವಳು ನಗುತ್ತ ತಿರುಗಿದ್ದು ನೆನಪಿದೆ. ನಗುತ್ತಿದ್ದಾಳೆ ಎಂದು ಗೊತ್ತಾದ ಮೇಲೂ ನನ್ನ ಕೈ ನಿಲ್ಲಲಿಲ್ಲ. ಇದಕ್ಕಿಂತ ಹೆಚ್ಚಿನ ವಿಚಾರಣೆ ಯಾಕೆ ಬೇಕು?

ಚೆಂಡು ಎಡಗಣ್ಣಿಗೆ ಬಡಿಯಿತು. ಅವಳು ಕುಸಿದು ಕುಳಿತಳು. ಸರ್ ಓಡಿ ಬಂದರು. ಅವರು ಕೇಳುವ ಮೊದಲೇ ನಾನು ಹೇಳಿದೆ: "ಆಕಿ ಲಕ್ಷ್ಯ ಇರಲಿಲ್ರಿ ಸರ್." ರೇಣುಕಾ ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡಿದಳು.  ಆಮೇಲೆ ಹೇಳಿದಳು: "ಹೌದ್ರಿ ಸರ್. ನನ್ನ ಲಕ್ಷ್ಯ ಇರಲಿಲ್ಲ."

ಸೋಡಾ ಅಂಗಡಿಯಿಂದ ಐಸ್ ತಂದು ಕಣ್ಣಿಗೆ ಒತ್ತಿದೆವು. ಒತ್ತಿದವಳೂ ನಾನೇ. ಅವಳ ಕಿವಿಯ ಹತ್ತಿರ ಬಾಗಿ, "ಸರ್‌ಗೆ ಹೇಳಬ್ಯಾಡ, ನನ್ನ ಟೀಮಿಂದ ತಗದ್ಬಿಡ್ತಾರ, ನಿನ್ನ ಕಾಲಿಗೆ ಬೀಳ್ತೇನಿ" ಎಂದೆ. ಆಡುತ್ತೀಯಾ ಎಂದು ಸರ್ ಕೇಳಿದಾಗ ಅವಳು ಕಣ್ಣು ಸರಿ ಕಾಣುತ್ತದೆ ಎಂದಳು. ನಾನು ಮಾಡಿದ್ದನ್ನು ಹೇಳಲಿಲ್ಲ.

ಸಂಜೆಯ ಆಟ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಆದರೆ ಏನು ನೋಡಿದಿರಿ? ಅವಳು ದೂರದಿಂದ ಒಂದೂ ಚೆಂಡು ಹಾಕದೆ, ಪ್ರತಿ ಸಲ ರಿಂಗಿನ ಬುಡದವರೆಗೆ ನುಗ್ಗಿ ನುಗ್ಗಿ ಹಾಕುತ್ತಿದ್ದಳಲ್ಲ — ಯಾಕೆಂದು ಯಾರಾದರೂ ಕೇಳಿದಿರಾ? ಹತ್ತಿರ ಹೋದರೆ ಕೈಗೆ ಸಿಗುತ್ತದೆ, ದೂರದಿಂದ ಕಾಣುವುದಿಲ್ಲ, ಅದಕ್ಕೆ. ಅರ್ಧ ಕುರುಡಾಗಿ ಆಡಿ ಸೋಲುತ್ತಿದ್ದ ತಂಡವನ್ನು ಒಂದು ಪಾಯಿಂಟಿನ ಹತ್ತಿರಕ್ಕೆ ತಂದವಳು ಅವಳು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಕೊನೆಯ ಗಳಿಗೆಯಲ್ಲಿ ಅವಳನ್ನು ತಳ್ಳಿ ಬೀಳಿಸಿದರು. ಎರಡು ಫ್ರೀ ಥ್ರೋ ಸಿಕ್ಕವು. ಒಂದು ಹೋದರೆ ಸರಿಸಮ, ಎರಡೂ ಹೋದರೆ ಗೆಲುವು. ನಾನು ಎಬ್ಬಿಸಲು ಕೈ ಕೊಟ್ಟೆ. ಎದ್ದವಳು ನನ್ನ ಕೈ ಬಿಡಲಿಲ್ಲ.

"ಮಾದೇವಿ, ಎರಡೆರಡು ರಿಂಗ್ ಕಾಣಾಕ ಹತ್ಯಾವು. ಯಾವ್ದಕ್ಕ ಹಾಕ್ಲಿ?"

ಆಟಗಾರ್ತಿಗೆ ಪೆಟ್ಟಾಗಿದೆ ಎಂದರೆ ಅವಳ ಬದಲಿಗೆ ಬಂದವಳು ಹಾಕಬಹುದು. ಕ್ಯಾಪ್ಟನ್ ಆಗಿ ನಾನು ಕೈ ಎತ್ತಿ ಸರ್ ಕಡೆ ತಿರುಗಿದ್ದರೆ ಸಾಕಿತ್ತು. ಆದರೆ ಕೈ ಎತ್ತಿದರೆ ಬೆಳಗಿನ ಪೆಟ್ಟು ಅಷ್ಟು ಜೋರಿತ್ತೇ ಎಂದು ಕೇಳುತ್ತಾರೆ, ನಿಜವಾಗಿ ಹೇಗಾಯಿತು ಎಂದು ಕೇಳುತ್ತಾರೆ, ಬೇಕೆಂದೇ ಎಸೆದೆಯಾ ಎಂದು —

"ಸುಮ್ನ ಹಾಕು," ಎಂದೆ.

ಎರಡೂ ತಪ್ಪಿದವು. ಎರಡನೆಯದು ರಿಂಗಿಗೆ ತಾಗಲೂ ಇಲ್ಲ. ಮೈದಾನದ ಸುತ್ತ ನಿಂತ ಜನ ಸಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿ ನಕ್ಕರು. ಕಂಡಕ್ಟರ್ ಒಬ್ಬರೇ ನಗದೆ, ಕಂಬದ ಪಕ್ಕ ನಿಂತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಣ್ಣ ಪಾಪಿಯಾಗಿ ಉಳಿಯುತ್ತಿದ್ದೆನೇನೋ. ನಿಲ್ಲಿಸಲಿಲ್ಲ. ಹೊರಗೆ ಬಂದಾಗ ಕಿತ್ತೂರಿನ ಅಡಿವೆಪ್ಪ ಎಂಬ ಹಿರಿಯರು — ಯಾವ ಆಟವನ್ನೂ ಬಿಡದೆ ನೋಡುವವರು, ನೋಡಿದ್ದನ್ನು ನಾಲ್ಕೂರಿಗೆ ಹಂಚುವವರು — ನನ್ನನ್ನು ತಡೆದು ಕೇಳಿದರು: "ಏನವಾ ಕ್ಯಾಪ್ಟನ್, ನಿಮ್ಮ ಹುಡುಗಿಗೆ ಏನಾತು?"

"ಪ್ರ್ಯಾಕ್ಟೀಸಿನ್ಯಾಗ ಹಾಕ್ತಾಳ್ರಿ. ದೊಡ್ಡ ಮ್ಯಾಚ್ ಬಂತಂದ್ರ ಆಕಿ ಎದಿ ಒಡೀತೈತ್ರಿ."

ಯಾರೂ ನನ್ನ ಬಾಯಿಂದ ಅದನ್ನು ಹೊರಡಿಸಲಿಲ್ಲ. ನಾನೇ ಹೇಳಿದೆ. ವಾರ ಕಳೆಯುವುದರೊಳಗೆ ಅವಳು ಜನರ ಬಾಯಲ್ಲಿ ಪುಕ್ಕಲಿ, 'ಎದಿಒಡಕ ರೇಣುಕಾ' ಆದಳು. ರಾಮದುರ್ಗದ ಬಸ್ಸಿನಲ್ಲಿ ಅವಳ ಅಪ್ಪನಿಗೆ ಯಾರೋ ಹೇಳಿದರಂತೆ: "ಕಂಡಕ್ಟರ್ ಸಾಹೇಬ್ರ, ಚಿಲ್ಲರ ಕೈಯಾಗ ಹಾಕ್ರಿ. ಮಗಳಂಗ ಹೊರಗ ಒಗೀಬ್ಯಾಡ್ರಿ." ಇಡೀ ಬಸ್ಸು ನಕ್ಕಿತಂತೆ. ಆ ಮಾತಿಗೆ ನಗುವವರಿಗೆ ಸಿಟ್ಟು ಬರುವುದಿಲ್ಲ, ನಾಚಿಕೆ ಬರುವುದಿಲ್ಲ, ಇಳಿಯುವ ಊರು ಬಂದರೆ ಇಳಿದು ಹೋಗುತ್ತಾರೆ. ಅವಳ ಅಪ್ಪ ಮಾತ್ರ ಆ ಬಸ್ಸಿನಲ್ಲೇ ಇರಬೇಕಿತ್ತು.

ಬೆಳಗಾವಿಯವರು ಅವಳನ್ನು ಆರಿಸಲಿಲ್ಲ. ರೇಣುಕಾ ಆಟ ಬಿಟ್ಟಳು. ಪೊಲೀಸ್ ನೌಕರಿಯ ಓಟದಲ್ಲಿ ಪಾಸಾದಳು, ಕಣ್ಣಿನ ಪರೀಕ್ಷೆಯಲ್ಲಿ ಬಿದ್ದಳು. ಎಡಗಣ್ಣು. ನೀವು ಅದಕ್ಕೂ 'ಅಲ್ಲೂ ಎದಿ ಒಡೀತು' ಎಂದಿರಿ. ನನಗೆ ಆಟ ಕಲಿಸುವ ನೌಕರಿ ಸಿಕ್ಕಿತು. ಊರಲ್ಲಿ ಸತ್ಕಾರ ಮಾಡಿದರು, ಶಾಲು ಹೊದಿಸಿಕೊಂಡೆ.

ಈ ವರ್ಷ ಒಂದು ಮುಂಜಾನೆ ಕಿತ್ತೂರಿನ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಾಲೇಜು ಹುಡುಗರು ಮೊಬೈಲಿನಲ್ಲಿ ಅಮೆರಿಕದ ಪ್ಲೇಆಫ್ ನೋಡುತ್ತಿದ್ದರು. ದೊಡ್ಡ ಆಟಗಾರನೊಬ್ಬ ಮೇಲಿಂದ ಮೇಲೆ ಫ್ರೀ ಥ್ರೋ ತಪ್ಪುತ್ತಿದ್ದ. ಒಬ್ಬ, "ಅಂವಾ ಉಳದದ್ದೆಲ್ಲಾ ಆಡ್ಯಾನಲ್ಲೋ, ಎರಡು ಫ್ರೀ ಥ್ರೋದಾಗ ಏನೈತಿ?" ಎಂದ. ಇನ್ನೊಬ್ಬ, "ಅದರಾಗ ಎಲ್ಲಾ ಐತಿ. ಇಂವನೂ ಎದಿಒಡಕ ರೇಣುಕಾ ಆದ ನೋಡು," ಎಂದು ನಕ್ಕ. ಆ ಹುಡುಗ ರೇಣುಕಾಳನ್ನು ನೋಡಿಯೇ ಇಲ್ಲ. ಅವಳು ಆಡುವಾಗ ಅವನು ಚಡ್ಡಿ ಹಾಕುವ ಕೂಸು.

ಅಡಿವೆಪ್ಪನವರೂ ಅಲ್ಲೇ ಕುಳಿತಿದ್ದರು. ಮುದುಕರಾಗಿದ್ದಾರೆ, ಕಣ್ಣು ಮಸುಕು, ನನ್ನ ಗುರುತು ಹತ್ತಲಿಲ್ಲ. "ನಾ ಕಣ್ಣಾರೆ ನೋಡೇನಿ," ಎಂದು ಶುರು ಮಾಡಿದರು. "ಆಕಿ ಮೊಳಕಾಲು ನಡಗತಿದ್ದು. ಆಕಿ ಕ್ಯಾಪ್ಟನ್ನ ನನ್ನ ಮುಂದ ಹೇಳ್ಯಾಳ, ಆಕಿ ಎದಿ ಒಡೀತೈತಿ ಅಂತ."

ಲೋಟ ಬೆಂಚಿನ ಮೇಲೆ ಕುಕ್ಕಿದೆ. "ಆ ಕ್ಯಾಪ್ಟನ್ ನಾನರೀ! ಸುಳ್ಳ ಹೇಳೇನಿ! ಬೆಳಿಗ್ಗೆ ಆಕಿ ಕಣ್ಣಿಗೆ ಚೆಂಡು ಒಗದಾಕಿ ನಾನು. ಆಕಿಗೆ ರಿಂಗ್ ಎರಡು ಕಾಣತಿದ್ದು!"

 ಅಡಿವೆಪ್ಪನವರು ಬಾಯಿ ತೆರೆದು ನನ್ನತ್ತ ನೋಡಿದರು. ಅಷ್ಟರಲ್ಲಿ, ನಗುತ್ತಿದ್ದ ಅದೇ ಹುಡುಗ ತಲೆ ಕೆರೆದುಕೊಂಡು ಹೇಳಿದ: "ಹಂಗಿದ್ರ ಟೀಚರ್, ಒಂದು ತಪ್ಪಿದ ಮ್ಯಾಲ ಎರಡನೇದ್ದು ಇನ್ನೊಂದು ರಿಂಗಿಗರ ಹಾಕಬೇಕಿತ್ತಲ್ರಿ?"

ಮತ್ತೆ ವಾದ ಶುರುವಾಯಿತು. ಒಂದು ಕಣ್ಣಿನಲ್ಲಿ ಗುರಿ ಸಿಗುತ್ತದೋ ಇಲ್ಲವೋ ಎಂದು — ನನ್ನ ಮುಂದೆಯೇ! ಒಬ್ಬಳ ಬಾಳು ಹೋದ ಸುದ್ದಿ ಕೇಳಿಯೂ ನಿಮಗೆ ಬೇಕಾದದ್ದು ಆ ಚೆಂಡಿನ ಲೆಕ್ಕ. ಎದ್ದು ಬಂದೆ. ಬೈಯಬೇಕೆನಿಸಿತು. ಆದರೆ ಅವರ ಬಾಯಿಗೆ ಮೊದಲ ತುತ್ತು ಇಟ್ಟವಳು ಯಾರು?

ಶಾಲೆಗೆ ಹೋಗಲಿಲ್ಲ. ಸುರೇಬಾನಕ್ಕೆ ಹೋದೆ. ರೇಣುಕಾ ಅಲ್ಲಿ ತಾಯಿಯ ಜೊತೆ ಇದ್ದಾಳೆ, ಇಳಕಲ್ ಸೀರೆ ತರಿಸಿ ಮಾರುತ್ತಾಳೆ. ಹೊಸ್ತಿಲಲ್ಲೇ ನಿಂತು, ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡೆ ಎಂದು ಹೇಳಿದೆ. ಹಗುರಾಗುತ್ತೇನೆ ಎಂದುಕೊಂಡಿದ್ದೆನೋ ಏನೋ. ಅವಳು ಸೀರೆ ಮಡಚುತ್ತಿದ್ದವಳು ನಿಲ್ಲಿಸಲಿಲ್ಲ.

"ಕಿತ್ತೂರಾಗ ಹೇಳಿದಿ," ಎಂದಳು. "ಗುರ್ತಿಲ್ಲದ ಹುಡುಗೂರ ಮುಂದ. ನಮ್ಮಪ್ಪ ಇದ್ದಾಗ ಈ ಕಟ್ಟಿ ಮ್ಯಾಲ ಕುಂದರತಿದ್ದ. ಒಮ್ಮೆ ಬಂದು ಆತನ ಮುಂದ ಹೇಳಬೇಕಿತ್ತು ನೀನು. ಸಾಯೂದಕ್ಕ ಮುಂಚೆ ಆತ ನನ್ನ ಏನ್ ಕೇಳಿದ ಗೊತ್ತೈತಿ? 'ಅವತ್ತ ನಾ ಖಾಕಿ ಹಾಕ್ಕೊಂಡು ಬಂದಿದ್ದಕ್ಕ ನಿನಗ ನಾಚಿಕಿ ಆತೇನವಾ' ಅಂತ."



"ನೀ ಯಾಕ ಹೇಳಲಿಲ್ಲ, ರೇಣಿ?" ಎಂದು ಕೇಳಿದೆ. ಕೇಳಬಾರದಿತ್ತು.

"ನೀ ಹೇಳ್ತಿ ಅಂತ ಕಾದೆ. ಮೊದಲನೇ ದಿನ ಕಾದೆ. ನೌಕರಿ ಸಿಕ್ಕಿತಲ್ಲ, ಇನ್ನರ ಹೇಳ್ತಾಳ ಅಂತ ಕಾದೆ. ಆಮ್ಯಾಲ ಹೇಳಿದ್ರ ಯಾರ್ ನಂಬತಿದ್ರು? ಸೋತಾಕಿ ನೆವ ಹುಡುಕ್ಯಾಳ ಅಂತಿದ್ರು."

ಒಳಗಿನಿಂದ ಅವಳ ತಾಯಿ ಚಹಾ ಹಿಡಿದು ಬಂದರು. "ಕಟಕೋಳದ ಮಾದೇವಿ ಅಲ್ಲೇನ? ಎಷ್ಟ ದಿನಾ ಆತವಾ, ಕುಂಡ್ರು," ಎಂದರು. ರೇಣುಕಾ ನನ್ನತ್ತ ನೋಡದೆ, "ಅವ್ವಗ ಗೊತ್ತಿಲ್ಲ. ಹೇಳು. ಈಗ," ಎಂದಳು.

ಹೇಳಿದೆ. ಆ ತಾಯಿ ಪೂರ್ತಿ ಕೇಳಿದರು.  ನನಗೆ ಕೊಡಲು ಚಾಚಿದ್ದ ಕಪ್ಪನ್ನು ಹಿಂದಕ್ಕೆ ಎಳೆದುಕೊಂಡು ಒಳಗೆ ಹೋದರು. ಬಚ್ಚಲಲ್ಲಿ ಚೆಲ್ಲಿದ ಸದ್ದು ಕೇಳಿತು.

"ಕ್ಷಮಾ ಕೇಳಾಕ ಬಂದಿದ್ರ ಹೋಗು," ಎಂದಳು ರೇಣುಕಾ. "ಅದು ನನ್ನ ಕಡೆ ಇಲ್ಲ. ಬರಿ. ಹೆಸರು ಹಾಕಿ ಬರಿ. ನಾಲ್ಕೂರಾಗ ಸುಳ್ಳು ಹರಡೇತಿ, ಖರೇದೂ ನಾಲ್ಕೂರಾಗ ಹರಡ್ಲಿ."

ಬರೆದೆ. ನನ್ನ ಶಾಲೆಯವರಿಗೂ ಹೇಳಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಹೊರಗೆ ಕಳಿಸುವ ಮೊದಲು ಮತ್ತೆ ಸುರೇಬಾನಕ್ಕೆ ಹೋಗಿ ಅವಳ ಕೈಗೆ ಕೊಟ್ಟೆ. ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳು ಇಟ್ಟಳು. 'ಆಗ ನನಗಿನ್ನೂ ಸಣ್ಣ ವಯಸ್ಸು' ಎಂದು ಅಲ್ಲಿ ಬರೆದಿದ್ದೆ.

"ಇದನ್ನ ತಗಿ," ಎಂದಳು. "ನನಗೂ ಅಷ್ಟ ವಯಸ್ಸಿತ್ತು."

ತೆಗೆದಿದ್ದೇನೆ.